ಕಾಡುಹಣ್ಣು ತೋಟಕ್ಕೆ ಬಂದ ಬಗೆ: ಬ್ಲೂಬೆರಿಯ ಬೀಜ ಮತ್ತು ಅದರ ಇತಿಹಾಸ

ಬೇಸಾಯದ ಇತಿಹಾಸವನ್ನು ಬರೆಯಹೊರಟವನಿಗೆ ಮೊದಲಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ನಾವು ಉಣ್ಣುವ ಧಾನ್ಯಗಳೂ ತಿನ್ನುವ ಹಣ್ಣುಗಳೂ ಬಹುಮಟ್ಟಿಗೆ ಬರೆಹ ಹುಟ್ಟುವುದಕ್ಕೆ ಮೊದಲೇ ಕಾಡಿನಿಂದ ಹೊಲತೋಟಗಳಿಗೆ ಬಂದಂಥವು. ರಾಗಿಯನ್ನು ಮೊತ್ತಮೊದಲು ಬಿತ್ತಿದವರು ಯಾರು, ಕಾಡುಮಾವಿನ ನೂರು ಮರಗಳಲ್ಲಿ ಸಿಹಿಯಾದ ಒಂದನ್ನು ಗುರುತಿಟ್ಟು ಕಾಪಾಡಿದವರು ಯಾರು ಎಂದು ಕೇಳಿದರೆ ಶಾಸನವೂ ಉತ್ತರ ಕೊಡದು, ಓಲೆಗರಿಯೂ ಕೊಡದು. ಉತ್ಖನನದಲ್ಲಿ ಸಿಕ್ಕುವ ಸುಟ್ಟು ಕರಿದಾದ ಕಾಳುಗಳಿಂದ ಕಾಲವನ್ನು ಊಹಿಸಬಹುದೇ ಹೊರತು ಕರ್ತೃಗಳನ್ನು ಹೆಸರಿಸುವಂತಿಲ್ಲ. ಹೀಗಿರಲು, ಕಾಡುಗಿಡವೊಂದು ತೋಟದ ಗಿಡವಾದ ಸಂಗತಿ ದಾಖಲೆಸಹಿತವಾಗಿ ನಮಗೆ ದೊರೆಯುವ ನಿದರ್ಶನವೊಂದಿದ್ದರೆ ಅದು ಇತಿಹಾಸದ ವಿದ್ಯಾರ್ಥಿಗೆ ಬಹಳ ಬೆಲೆಯುಳ್ಳದ್ದು. ಉತ್ತರ ಅಮೆರಿಕದ ಬ್ಲೂಬೆರಿ ಅಂಥ ನಿದರ್ಶನ. 1906ರಲ್ಲಿ ಅದು ಕಾಡಿನ ಪೊದೆ. 1916ರಲ್ಲಿ ಅದರ ತೋಟದ ಫಸಲು ಪೇಟೆಗೆ ಹೋಯಿತು. ಈ ಹತ್ತು ವರ್ಷಗಳ ವೃತ್ತಾಂತವನ್ನು ಒಬ್ಬ ವಿಜ್ಞಾನಿಯ ಸಾಧನೆಯೆಂದು ಹೇಳಿ ಮುಗಿಸುವ ರೂಢಿಯಿದೆ. ಆದರೆ ಬೀಜ ಬಿತ್ತಿದವನೊಬ್ಬ, ಒಳ್ಳೆಯ ಗಿಡಗಳನ್ನು ಗುರುತಿಸಿದವರು ಬೇರೆ ಹಲವರು, ಇವರನ್ನು ಕೂಡಿಸಿದವಳು ಇನ್ನೊಬ್ಬಳು. ಅದನ್ನು ತೋರಿಸುವುದು ಈ ಪ್ರಬಂಧದ ಉದ್ದೇಶ.

ಬ್ಲೂಬೆರಿ ವ್ಯಾಕ್ಸಿನಿಯಮ್ ಎಂಬ ಕುಲಕ್ಕೆ ಸೇರಿದ ಪೊದೆಗಿಡ. ಹಣ್ಣು ನೀಲಿ, ಮೇಲೆ ಬೂದಿ ಬಳಿದಂಥ ತೆಳುವಾದ ಲೇಪ, ತುದಿಯಲ್ಲಿ ಐದು ಮೂಲೆಯ ಪುಟ್ಟ ಕಿರೀಟ. ಈ ಕುಲದ ಗಿಡಗಳು ನಮ್ಮ ನಾಡಿಗೆ ತೀರ ಅಪರಿಚಿತವಲ್ಲ: ನೀಲಗಿರಿಯ ಶೋಲಾ ಕಾಡುಗಳ ಅಂಚಿನಲ್ಲಿ ಬೆಳೆಯುವ ಎರಡು ಜಾತಿಗಳನ್ನು ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಮದರಾಸು ಪ್ರಾಂತದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ರಾಬರ್ಟ್ ವೈಟ್ ವರ್ಣಿಸಿ ಹೆಸರಿಟ್ಟನು. ಆದರೆ ಪೇಟೆಯ ಹಣ್ಣಾದದ್ದು ಅಮೆರಿಕದ ಜಾತಿಗಳು ಮಾತ್ರ. ಅವುಗಳಲ್ಲಿ ಮುಖ್ಯವಾದವು ಎರಡು. ಒಂದು, ಜೌಗು ನೆಲದ ಅಂಚಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಎತ್ತರದ ಬ್ಲೂಬೆರಿ. ಇನ್ನೊಂದು, ಬಂಡೆಗಲ್ಲಿನ ಬಯಲುಗಳಲ್ಲಿ ಮೊಣಕಾಲೆತ್ತರಕ್ಕೆ ಹರಡುವ ಗಿಡ್ಡ ಬ್ಲೂಬೆರಿ.

ಬಿಳಿಯರು ಬರುವ ಮೊದಲೇ ಅಲ್ಲಿಯ ಮೂಲನಿವಾಸಿಗಳಿಗೆ ಈ ಹಣ್ಣು ಮುಖ್ಯ ಆಹಾರವಾಗಿತ್ತು. 1615ರಲ್ಲಿ ಫ್ರೆಂಚ್ ಸಂಚಾರಿ ಶಾಂಪ್ಲೇನ್, ಆ ಜನ ಈ ಹಣ್ಣನ್ನು ಕೂಡಿಹಾಕಿ ಚಳಿಗಾಲಕ್ಕೆಂದು ಒಣಗಿಸುತ್ತಿದ್ದುದನ್ನು ಕಂಡು ಬರೆದಿಟ್ಟನು. ಈಗಿನ ಮೇಯ್ನ್ ಸಂಸ್ಥಾನದ ಪೂರ್ವಭಾಗದಲ್ಲಿ ಗಿಡ್ಡ ಬ್ಲೂಬೆರಿಯ ಬಯಲುಗಳಿಗೆ ಬೆಂಕಿಯಿಟ್ಟು ಹಳೆಯ ಕಡ್ಡಿಗಳನ್ನು ಸುಟ್ಟರೆ ಹೊಸ ಚಿಗುರಿನಲ್ಲಿ ಹಣ್ಣು ಹೆಚ್ಚುತ್ತದೆಂಬುದು ಅವರಿಗೆ ತಿಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಅಂತರ್ಯುದ್ಧದ ಕಾಲಕ್ಕೆ ಇದೇ ಬಯಲುಗಳ ಹಣ್ಣು ಡಬ್ಬಿಗಳಲ್ಲಿ ತುಂಬಿ ಮಾರಾಟವಾಗತೊಡಗಿತು. ಇದನ್ನು ಬೇಸಾಯವೆನ್ನಬೇಕೆ, ಸಂಗ್ರಹವೆನ್ನಬೇಕೆ ಎಂಬುದು ಚರ್ಚಾಸ್ಪದ. ಬಿತ್ತನೆಯಿಲ್ಲ, ನಾಟಿಯಿಲ್ಲ, ಆದರೆ ಗಿಡದ ಸ್ವಭಾವವನ್ನು ಬಲ್ಲ ಕೈ ಇದ್ದೇ ಇದೆ. ಬೇಸಾಯವೆಂದರೆ ನೇಗಿಲೇ ಆಗಬೇಕೆಂಬ ನಮ್ಮ ಕಲ್ಪನೆ ಇಲ್ಲಿ ಸಾಲದು.

ಪೊದೆಯನ್ನು ತೋಟಕ್ಕೆ ತರುವ ಪ್ರಯತ್ನಗಳು ನಡೆಯದಿರಲಿಲ್ಲ. ಫ್ಲಾರಿಡಾದಲ್ಲಿ ಮೋಸೆಸ್ ಸ್ಯಾಪ್ ಎಂಬಾತನು 1893ರ ಸುಮಾರಿಗೆ ಅಲ್ಲಿಯ ಬೇರೊಂದು ಜಾತಿಯ ಕಾಡುಗಿಡಗಳನ್ನು ಕಿತ್ತುತಂದು ನೆಟ್ಟು ಹಣ್ಣು ಪಡೆದಿದ್ದನು. ಆದರೆ ಉತ್ತರದಲ್ಲಿ ಕೆಲವು ಸಂಸ್ಥಾನಗಳ ಕೃಷಿಪ್ರಯೋಗ ಕೇಂದ್ರಗಳು ಇದೇ ರೀತಿ ಪೊದೆಗಳನ್ನು ತಂದು, ಚೆನ್ನಾಗಿ ಉತ್ತು ಗೊಬ್ಬರವಿಟ್ಟ ತೋಟದ ಮಣ್ಣಿನಲ್ಲಿ ನೆಟ್ಟಾಗ ಗಿಡಗಳು ಸೊರಗಿದವು. ಗೊಬ್ಬರ ಹೆಚ್ಚಿಸಿದರೆ ಇನ್ನೂ ಬೇಗ ಸತ್ತವು. ಬ್ಲೂಬೆರಿ ಪಳಗುವ ಗಿಡವಲ್ಲವೆಂಬ ಅಭಿಪ್ರಾಯ ಹರಡಿತು.

ಇಂಥ ಸಮಯದಲ್ಲಿ ಈ ಕೆಲಸಕ್ಕೆ ಕೈಹಾಕಿದವನು ಫ್ರೆಡರಿಕ್ ವರ್ನನ್ ಕೋವಿಲ್. 1867ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದ ಈತನು ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞನಾಗಿದ್ದನು. 1890-91ರ ಡೆತ್ ವ್ಯಾಲಿ ಸಂಶೋಧನಾಯಾತ್ರೆಯಲ್ಲಿ ಭಾಗವಹಿಸಿ ಆ ಮರುಭೂಮಿಯ ಸಸ್ಯಗಳನ್ನು ಕುರಿತು ಗ್ರಂಥ ಬರೆದವನು. 1906ರಲ್ಲಿ ವಾಷಿಂಗ್‌ಟನ್ ನಗರದ ಗಾಜಿನ ಮನೆಯಲ್ಲಿ ಆತನು ಬ್ಲೂಬೆರಿಯ ಬೀಜಗಳನ್ನು ಬಿತ್ತಿ ಪ್ರಯೋಗಗಳನ್ನು ಆರಂಭಿಸಿದನು. ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಆತನಿಗೆ ಮುಂಚಿನವರು ಬೆಳೆದ ಪೊದೆಯನ್ನು ಕಿತ್ತುತಂದರು. ಅಂಥ ಪೊದೆ ತನ್ನ ಬೇರಿನೊಡನೆ ಕಾಡಿನ ಮಣ್ಣನ್ನೂ ತರುತ್ತದೆ, ಕಿತ್ತ ಗಾಯವನ್ನೂ ತರುತ್ತದೆ. ಅದು ಸತ್ತರೆ ಸಾವಿಗೆ ಕಾರಣ ಯಾವುದೆಂದು ಹೇಳಲಾಗದು. ಬೀಜದಿಂದ ಎದ್ದ ಸಸಿಗೆ ಹಿಂದಿನ ಋಣವಿಲ್ಲ. ಒಂದೇ ಬಿತ್ತನೆಯ ಸಸಿಗಳನ್ನು ಬೇರೆ ಬೇರೆ ಮಣ್ಣಿನ ಕುಂಡಗಳಿಗೆ ಹಂಚಿದರೆ ಮಣ್ಣಿನ ಗುಣವೇ ಮಾತನಾಡುತ್ತದೆ. ಬೀಜವು ಕೋವಿಲ್‌ಗೆ ಬೆಳೆಯ ಸಾಧನವಾಗುವುದಕ್ಕೆ ಮೊದಲು ಪರೀಕ್ಷೆಯ ಸಾಧನವಾಯಿತೆಂದು ನಾವು ಹೇಳಬಹುದು.

ಆ ಪರೀಕ್ಷೆಗಳ ಫಲವು 1910ರಲ್ಲಿ ಕೃಷಿ ಇಲಾಖೆಯ 193ನೆಯ ಸಂಚಿಕೆಯಾಗಿ ಪ್ರಕಟವಾಯಿತು. ಅದರ ನಿರ್ಣಯಗಳು ಅಂದಿನ ತೋಟಗಾರಿಕೆಯ ನಂಬಿಕೆಗಳನ್ನು ತಲೆಕೆಳಗು ಮಾಡುವಂಥವು. ಹೆಚ್ಚು ಗೊಬ್ಬರ ಹಾಕಿದ ಮಣ್ಣಿನಲ್ಲಿ ಈ ಗಿಡ ಏಳುವುದಿಲ್ಲ; ಸುಣ್ಣ ಬೆರೆಸಿದ ಮಣ್ಣಿನಲ್ಲಿ ಏಳುವುದಿಲ್ಲ; ಜಿಗುಟು ಜೇಡಿಯಲ್ಲಿ ಏಳುವುದಿಲ್ಲ; ಪೂರ್ತಿಯಾಗಿ ಕೊಳೆತು ಹುಳಿಯನ್ನು ಕಳೆದುಕೊಂಡ ಎಲೆಗೊಬ್ಬರವೂ ಇದಕ್ಕೆ ಒಗ್ಗುವುದಿಲ್ಲ. ಇದಕ್ಕೆ ಬೇಕಾದದ್ದು ಹುಳಿಮಣ್ಣು: ಅರೆಕೊಳೆತ ಬೇರು ಎಲೆಗಳ ಪೀಟ್, ಅದರೊಡನೆ ಮರಳು, ತೇವ ಮತ್ತು ಗಾಳಿ. ಇದರ ಬೇರುಗಳಲ್ಲಿ ಇತರ ಗಿಡಗಳಲ್ಲಿರುವಂತೆ ಬೇರುಗೂದಲುಗಳಿಲ್ಲವೆಂದೂ, ಬೇರಿನೊಳಗೆ ಒಂದು ಶಿಲೀಂಧ್ರ ವಾಸಿಸುತ್ತ ಗಿಡಕ್ಕೆ ಸಾರಜನಕವನ್ನು ಒದಗಿಸುವಂತೆ ತೋರುತ್ತದೆಂದೂ ಆತನು ಬರೆದನು. ಮಣ್ಣಿನ ಹುಳಿಯನ್ನು ಇಂದು ನಾವು ಪಿಎಚ್ ಎಂಬ ಅಳತೆಯಿಂದ ಹೇಳುತ್ತೇವೆ. ಬ್ಲೂಬೆರಿಗೆ ಅದು 4.5ರಿಂದ 5.5ರೊಳಗಿರಬೇಕು. ಡೆನ್ಮಾರ್ಕಿನ ಸೋರೆನ್‌ಸೆನ್ ಈ ಅಳತೆಯನ್ನು ಸೂಚಿಸಿದ್ದು 1909ರಲ್ಲಿ, ಅಂದರೆ ಕೋವಿಲ್‌ನ ಸಂಚಿಕೆ ಹೊರಬರುವುದಕ್ಕೆ ಕೇವಲ ಒಂದು ವರ್ಷ ಮುಂಚೆ. ಸುಣ್ಣ ಹಾಕಿ ಹುಳಿಯನ್ನು ತೆಗೆಯುವುದೇ ಒಳ್ಳೆಯ ಬೇಸಾಯವೆಂದು ಕಲಿಸುತ್ತಿದ್ದ ಕಾಲದಲ್ಲಿ ಹುಳಿಯನ್ನೇ ಬಯಸುವ ಬೆಳೆಯೊಂದುಂಟು ಎಂದು ಸ್ಥಾಪಿಸಿದ್ದು ಸಣ್ಣ ಮಾತಲ್ಲ.

ಆದರೆ ಮಣ್ಣಿನ ಗುಟ್ಟು ಬಯಲಾದ ಮಾತ್ರಕ್ಕೆ ಹಣ್ಣಿನ ತೋಟ ಆಗುವುದಿಲ್ಲ. ಬೀಜದ ಇನ್ನೊಂದು ಗುಣ ಇಲ್ಲಿ ಅಡ್ಡಬರುತ್ತದೆ. ಬಾದಾಮಿ ಮಾವಿನ ವಾಟೆಯನ್ನು ನೆಟ್ಟರೆ ಬಾದಾಮಿ ಮಾವೇ ಬರುವುದೆಂದು ನಮ್ಮ ತೋಟಗಾರರಾರೂ ನಂಬುವುದಿಲ್ಲ; ಅದಕ್ಕಾಗಿಯೇ ಕಸಿ ಕಟ್ಟುವುದು. ಬ್ಲೂಬೆರಿಯೂ ಹಾಗೆಯೇ. ಒಂದೇ ಹಣ್ಣಿನ ಹತ್ತಾರು ಬೀಜಗಳಿಂದ ಹತ್ತಾರು ಬಗೆಯ ಗಿಡಗಳು ಬರುತ್ತವೆ. ಒಂದರ ಹಣ್ಣು ದೊಡ್ಡದು, ಒಂದರದು ಸಾಸಿವೆಗಿಂತ ಸ್ವಲ್ಪ ದಪ್ಪ, ಒಂದು ಸಿಹಿ, ಒಂದು ಸಪ್ಪೆ. ಒಳ್ಳೆಯದು ಬರಬೇಕಾದರೆ ತಾಯಿಯೂ ತಂದೆಯೂ ಒಳ್ಳೆಯದಾಗಿರಬೇಕು. ಆದಕಾರಣ ಕೋವಿಲ್ ತಾನು ಬೇಸಗೆ ಕಳೆಯುತ್ತಿದ್ದ ನ್ಯೂಹ್ಯಾಂಪ್‌ಶೈರಿನ ಗ್ರೀನ್‌ಫೀಲ್ಡಿನಲ್ಲಿ ತಾಯಿಗಿಡವನ್ನು ಹುಡುಕಿದನು. 1908ರಲ್ಲಿ ಅಲ್ಲಿಯ ಗೋಮಾಳವೊಂದರಲ್ಲಿ ಅರ್ಧ ಅಂಗುಲ ಮೀರಿದ ಹಣ್ಣಿನ ಎತ್ತರದ ಪೊದೆಯೊಂದು ಸಿಕ್ಕಿತು. ಹೊಲದ ಒಡೆಯನ ಹೆಸರಿನಿಂದ ಅದು ‘ಬ್ರೂಕ್ಸ್’ ಆಯಿತು. ಮರುವರ್ಷ ಸಿಕ್ಕ ಗಿಡ್ಡ ಪೊದೆ ‘ರಸೆಲ್’. ಬ್ರೂಕ್ಸ್‌ನ ಹೂವಿಗೆ ಅದರದೇ ಪರಾಗ ಹಾಕಿದಾಗ ಫಲ ಸರಿಯಾಗಿ ಕಟ್ಟಲಿಲ್ಲ; 1911ರಲ್ಲಿ ರಸೆಲ್‌ನ ಪರಾಗದಿಂದ ಸಂಕರ ಮಾಡಿದಾಗ ಕಟ್ಟಿತು. ಆ ಬೀಜಗಳಿಂದ ಸುಮಾರು ಮೂರು ಸಾವಿರ ಸಸಿಗಳು ಬೆಳೆದವು. ಅಷ್ಟು ಸಸಿಗಳಿಗೆ ನೆಲವೆಲ್ಲಿ? ಇನ್ನೂ ಒಳ್ಳೆಯ ತಾಯಿಗಿಡಗಳೆಲ್ಲಿ? ಇಲಾಖೆಯ ಗಾಜಿನ ಮನೆ ಈ ಎರಡು ಪ್ರಶ್ನೆಗಳಿಗೂ ಉತ್ತರವಲ್ಲ.

ಉತ್ತರ ಬಂದದ್ದು ನ್ಯೂಜರ್ಸಿಯಿಂದ. ಅಲ್ಲಿಯ ದಕ್ಷಿಣ ಭಾಗದಲ್ಲಿ ಪೈನ್ ಬ್ಯಾರೆನ್ಸ್ ಎಂಬ ಮರಳುಗಾಡಿನಂಥ ವಿಶಾಲ ಪ್ರದೇಶವಿದೆ. ಬ್ಯಾರೆನ್ಸ್ ಎಂದರೆ ಬಂಜರು. ಗೋದಿಗೂ ಜೋಳಕ್ಕೂ ಸಲ್ಲದ ಹುಳಿಮರಳು; ಪೈನ್ ಮರಗಳು, ಜೌಗು ಹಳ್ಳಗಳು, ಕಂದು ಬಣ್ಣದ ನೀರು. ಅಲ್ಲಿ ವೈಟ್ಸ್‌ಬಾಗ್ ಎಂಬಲ್ಲಿ ಜೋಸೆಫ್ ವೈಟ್ ಎಂಬ ಸಾಹುಕಾರನು ಕ್ರ್ಯಾನ್‌ಬೆರಿಯನ್ನು ಬೆಳೆಸುತ್ತಿದ್ದನು. ಆತನ ಮಗಳು ಎಲಿಜಬೆತ್ ಕೋಲ್‌ಮನ್ ವೈಟ್, 1871ರಲ್ಲಿ ಹುಟ್ಟಿದವಳು, ತಂದೆಯ ತೋಟದ ವ್ಯವಹಾರವನ್ನು ಚೆನ್ನಾಗಿ ಬಲ್ಲವಳು. ಕೋವಿಲ್‌ನ ಸಂಚಿಕೆಯನ್ನು ಓದಿದೊಡನೆಯೇ ಆಕೆ ಅವನಿಗೆ ಪತ್ರ ಬರೆದು, ನೆಲವನ್ನೂ ಆಳುಗಳನ್ನೂ ಒದಗಿಸುವುದಾಗಿ ತಿಳಿಸಿದಳು. 1911ರಿಂದ ಇಬ್ಬರೂ ಕೂಡಿ ಕೆಲಸ ಮಾಡತೊಡಗಿದರು.

ಆಕೆ ಮಾಡಿದ ಏರ್ಪಾಡು ಇತಿಹಾಸದ ದೃಷ್ಟಿಯಿಂದ ಗಮನಾರ್ಹವಾದದ್ದು. ಪೈನ್ ಕಾಡಿನ ನಿವಾಸಿಗಳು ಬೇಸಗೆಯಲ್ಲಿ ಕಾಡು ಬ್ಲೂಬೆರಿಗಳನ್ನು ಕಿತ್ತು ಮಾರುತ್ತಿದ್ದರು. ಯಾವ ಹಳ್ಳದ ಯಾವ ತಿರುವಿನಲ್ಲಿ ಯಾವ ಪೊದೆ ದೊಡ್ಡ ಹಣ್ಣು ಬಿಡುತ್ತದೆ, ಯಾವುದು ಮೊದಲು ಮಾಗುತ್ತದೆ, ಯಾವುದರ ರುಚಿ ಹೇಗೆ ಎಂಬುದನ್ನು ಅವರು ತಲೆಮಾರುಗಳಿಂದ ಬಲ್ಲವರು. ಯಾವ ಸಸ್ಯಸಂಗ್ರಹಾಲಯದಲ್ಲಿಯೂ ಈ ತಿಳಿವಳಿಕೆ ಇರಲಿಲ್ಲ. ಎಲಿಜಬೆತ್ ವೈಟ್ ಅವರಿಗೆ ಅಂಗುಲದ ಎಂಟರಲ್ಲಿ ಐದು ಪಾಲು ಅಗಲದ ತೂತುಳ್ಳ ಅಳತೆಯ ತಗಡನ್ನು ಕೊಟ್ಟಳು. ಆ ತೂತಿನಲ್ಲಿ ಇಳಿಯದಷ್ಟು ದೊಡ್ಡ ಹಣ್ಣಿನ ಪೊದೆ ಮಾತ್ರ ಬೇಕೆಂದು ಹೇಳಿದಳು. ಮಾದರಿ ಹಣ್ಣುಗಳನ್ನು ಹಾಕಲು ಸೀಸೆಗಳನ್ನೂ ಚೀಟಿಗಳನ್ನೂ ಕೊಟ್ಟಳು. ಪೊದೆಯನ್ನು ತೋರಿಸಿದವರಿಗೆ ಒಂದರಿಂದ ಮೂರು ಡಾಲರುಗಳ ಬಹುಮಾನ, ಅಲ್ಲದೆ ಹುಡುಕಾಟಕ್ಕೆ ಹಿಡಿದ ಹೊತ್ತಿಗೆ ಕೂಲಿ. ಪೊದೆಗೆ ಅದನ್ನು ಕಂಡವನ ಹೆಸರನ್ನೇ ಇಡುವ ಪದ್ಧತಿಯನ್ನೂ ಆಕೆ ಆರಂಭಿಸಿದಳು. ಹೀಗೆ ಹಾರ್ಡಿಂಗ್, ಸೂಯ್, ಗ್ರೋವರ್, ಆ್ಯಡಮ್ಸ್ ಮೊದಲಾದ ಹೆಸರುಗಳು ಗಿಡಗಳಿಗೆ ಬಂದವು. ಇದರಲ್ಲಿ ಹಾಸ್ಯಕ್ಕೂ ಎಡೆಯಿತ್ತು. ಸ್ಯಾಮ್ ಲೆಮನ್ ಎಂಬಾತನು ತೋರಿಸಿದ ಬ್ಲೂಬೆರಿಗೆ ‘ಲೆಮನ್’, ಅಂದರೆ ನಿಂಬೆ, ಎಂದು ಹೆಸರಿಡುವುದು ಹೇಗೆ? ಅದು ‘ಸ್ಯಾಮ್’ ಆಯಿತು. ರೂಬ್ ಲೀಕ್ ಎಂಬಾತನ ಪೊದೆಗೆ ಇನ್ನೂ ಹೆಚ್ಚಿನ ಕಷ್ಟ: ಲೀಕ್ ಎಂದರೆ ಈರುಳ್ಳಿಯ ಜಾತಿಯ ತರಕಾರಿ, ರೂಬ್ ಎಂದರೆ ಹಳ್ಳಿಗಮಾರನೆಂಬ ಧ್ವನಿ. ಕೊನೆಗೆ ರೂಬ್ ಎಂಬುದಕ್ಕೆ ಲೀಕ್‌ನ ಮೊದಲ ಅಕ್ಷರವನ್ನು ಸೇರಿಸಿ ‘ರೂಬೆಲ್’ ಎಂದರು. ಹೀಗೆ ತಂದ ನೂರಕ್ಕೂ ಹೆಚ್ಚು ಪೊದೆಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕೊನೆಯವರೆಗೆ ಉಳಿದವು. ಅವುಗಳಲ್ಲಿ ಶ್ರೇಷ್ಠವಾದದ್ದು ರೂಬೆಲ್.

1916ರಲ್ಲಿ ವೈಟ್ಸ್‌ಬಾಗಿನಿಂದ ಮೊದಲ ವ್ಯಾಪಾರಿ ಫಸಲು ಹೊರಟಿತು. ಗ್ರೀನ್‌ಫೀಲ್ಡಿನ ಬ್ರೂಕ್ಸ್‌ಗೂ ಪೈನ್ ಕಾಡಿನ ಸೂಯ್‌ಗೂ ಸಂಕರ ಮಾಡಿ ಬಿತ್ತಿದ ಬೀಜದಿಂದ ಬಂದ ‘ಪಯನಿಯರ್’ ತಳಿಯು 1920ರಲ್ಲಿ ಬೆಳೆಗಾರರಿಗೆ ದೊರೆಯಿತು. ರೂಬೆಲ್ ಮತ್ತು ಗ್ರೋವರ್‌ಗಳ ಸಂತಾನವಾದ ‘ಜರ್ಸಿ’ 1928ರಲ್ಲಿ. ಎಲಿಜಬೆತ್ ವೈಟ್ 1927ರಲ್ಲಿ ನ್ಯೂಜರ್ಸಿಯ ಬ್ಲೂಬೆರಿ ಬೆಳೆಗಾರರ ಸಹಕಾರ ಸಂಘದ ಸ್ಥಾಪನೆಯಲ್ಲಿಯೂ ಮುಂದಾದಳು. ಕೋವಿಲ್ 1937ರಲ್ಲಿ ತೀರಿಕೊಳ್ಳುವ ವೇಳೆಗೆ ಆತನ ಬಿತ್ತನೆಗಳಿಂದ 15 ತಳಿಗಳು ಹೊರಬಂದಿದ್ದವು.

ಈ ವೃತ್ತಾಂತಕ್ಕೆ ಇನ್ನೊಂದು ಮುಖವಿದೆ. ತೋಟಗಾರಿಕೆಯ ಪುಸ್ತಕಗಳು ಅದನ್ನು ಹೇಳುವುದು ವಿರಳ. ಗಿಡಗಳ ವಂಶಾವಳಿಯನ್ನು ಬರೆಯುತ್ತಿದ್ದ ಅದೇ ವರ್ಷಗಳಲ್ಲಿ ಅದೇ ನ್ಯೂಜರ್ಸಿಯಲ್ಲಿ ಮನುಷ್ಯರ ವಂಶಾವಳಿಗಳನ್ನೂ ಬರೆಯುತ್ತಿದ್ದರು. ವೈನ್‌ಲ್ಯಾಂಡಿನ ಶಾಲೆಯೊಂದರ ಹೆನ್ರಿ ಗಾಡರ್ಡ್ 1912ರಲ್ಲಿ ‘ಕ್ಯಾಲಿಕಾಕ್ ಕುಟುಂಬ’ವೆಂಬ ಗ್ರಂಥವನ್ನು ಪ್ರಕಟಿಸಿ, ಬುದ್ಧಿಮಾಂದ್ಯವೂ ಬಡತನವೂ ದುರ್ನಡತೆಯೂ ಕೆಟ್ಟ ಬೀಜದಿಂದಲೇ ಬರುತ್ತವೆಂದು ವಾದಿಸಿದನು. ಆತನ ಕೈಕೆಳಗೆ ದುಡಿದ ಎಲಿಜಬೆತ್ ಕೈಟ್ 1913ರಲ್ಲಿ ಪೈನ್ ಕಾಡಿನ ಜನರನ್ನು ಕುರಿತು ವರದಿ ಬರೆದಳು. ಅದೇ ವರ್ಷ ಸಂಸ್ಥಾನದ ಗವರ್ನರ್ ಜೇಮ್ಸ್ ಫೀಲ್ಡರ್ ಆ ಪ್ರದೇಶವನ್ನು ನೋಡಿಬಂದು, ಅದನ್ನು ಉಳಿದ ನ್ಯೂಜರ್ಸಿಯಿಂದ ಪ್ರತ್ಯೇಕಿಸಬೇಕೆಂಬರ್ಥದ ಸಲಹೆಯಿತ್ತನು. ಗಾಡರ್ಡ್‌ನ ಗ್ರಂಥದ ಕುಟುಂಬ ಪೈನ್ ಕಾಡಿನದಲ್ಲವೆಂಬುದೂ, ಆ ಅಧ್ಯಯನದ ವಿಧಾನವೇ ದೋಷಪೂರ್ಣವೆಂಬುದೂ ಮುಂದೆ ಸಿದ್ಧವಾಯಿತು. ಆದರೆ ‘ಪೈನಿ’ ಎಂಬ ಮಾತಿಗೆ ಅಂಟಿದ ಕಳಂಕ ಬಹುಕಾಲ ಹೋಗಲಿಲ್ಲ. ಯಾರ ವಂಶವನ್ನು ನಿಷ್ಪ್ರಯೋಜಕವೆಂದು ಬರೆದರೋ ಅವರ ಹೆಸರುಗಳೇ ಆ ಹೊತ್ತಿಗೆ ವೈಟ್ಸ್‌ಬಾಗಿನ ಗಿಡಗಳ ಚೀಟಿಗಳ ಮೇಲೆ ಏರುತ್ತಿದ್ದವು. ಕಾಡಿನಲ್ಲಿ ಒಂದು ಪೊದೆಯನ್ನು ಮತ್ತೊಂದರಿಂದ ಬೇರ್ಪಡಿಸಿ ನೋಡುವ ಕಣ್ಣು ಸಂಶೋಧನೆಯ ಕಣ್ಣಲ್ಲದೆ ಮತ್ತೇನು?

ಹಾಗೆಂದು ವೈಟ್ಸ್‌ಬಾಗನ್ನು ಧರ್ಮರಾಜ್ಯವೆಂದು ಭಾವಿಸುವುದೂ ತಪ್ಪು. 1910ರ ಸೆಪ್ಟೆಂಬರಿನಲ್ಲಿ ಲೂಯಿಸ್ ಹೈನ್ ಎಂಬ ಛಾಯಾಚಿತ್ರಕಾರನು ಬಾಲಕಾರ್ಮಿಕರ ಸ್ಥಿತಿಯನ್ನು ತೋರಿಸಲೆಂದು ಅಲ್ಲಿಗೆ ಬಂದು, ಫಿಲಡೆಲ್ಫಿಯದಿಂದ ಕರೆತಂದ ಇಟಾಲಿಯನ್ ಕೂಲಿಗಳ ಮಕ್ಕಳು ಕ್ರ್ಯಾನ್‌ಬೆರಿ ಕೀಳುತ್ತಿದ್ದುದನ್ನು ಚಿತ್ರಿಸಿದನು. ಎಲಿಜಬೆತ್ ವೈಟ್ ಆಗ ತೋಟದೊಡೆಯರ ಪಕ್ಷವನ್ನು ವಹಿಸಿ ವಾದಿಸಿದಳು. ಪೊದೆ ಹುಡುಕಿದವನ ಹೆಸರನ್ನು ಉಳಿಸಿದ ಕೈಯೇ ಹಣ್ಣು ಕಿತ್ತ ಮಕ್ಕಳ ಸಂಗತಿಯಲ್ಲಿ ಬೇರೆ ರೀತಿ ನಡೆದುಕೊಂಡಿತು. ಎರಡನ್ನೂ ಒಟ್ಟಿಗೆ ಬರೆಯಬೇಕಾದದ್ದು ಇತಿಹಾಸಕಾರನ ಕರ್ತವ್ಯ.

ಇನ್ನು ಕೋವಿಲ್‌ನ ಮತ್ತೊಂದು ಪ್ರಯೋಗವನ್ನು ಹೇಳಬೇಕು; ನಮ್ಮಂಥ ಬಿಸಿಲ ನಾಡಿನವರಿಗೆ ಅದೇ ಮುಖ್ಯ. ಚಳಿಗಾಲದುದ್ದಕ್ಕೂ ಬೆಚ್ಚಗಿನ ಗಾಜಿನ ಮನೆಯಲ್ಲಿಟ್ಟ ಸಸಿಗಳು ವಸಂತ ಬಂದರೂ ಚಿಗುರದೆ ನಿದ್ರಿಸುತ್ತಿದ್ದವು; ಹೊರಗೆ ಹಿಮದಲ್ಲಿ ನಿಂತವು ಬೇಗ ಚಿಗುರಿದವು. ಬೆಚ್ಚಗೆ ಸಾಕಿದ್ದೇ ಕೇಡಾಯಿತೆಂಬ ಈ ವಿಪರೀತವನ್ನು ಆತನು ಒಂದೇ ಗಿಡದಲ್ಲಿ ತೋರಿಸಿದನು: ಗಿಡವನ್ನು ಒಳಗಿಟ್ಟು, ಅದರ ಒಂದು ಕೊಂಬೆಯನ್ನು ಮಾತ್ರ ಗೋಡೆಯ ಕಂಡಿಯಿಂದ ಹೊರಗಿನ ಚಳಿಗೆ ಚಾಚಿದನು. ಋತು ತಿರುಗಿದಾಗ ಆ ಕೊಂಬೆ ಎಲೆಬಿಟ್ಟಿತು, ಒಳಗಿನ ಭಾಗ ಬರಿದಾಗಿಯೇ ಇತ್ತು. 1920ರಲ್ಲಿ ಈ ವಿಷಯವನ್ನು ಕುರಿತ ಆತನ ಲೇಖನ ಪ್ರಕಟವಾಯಿತು. ಉತ್ತರದ ಎತ್ತರದ ಬ್ಲೂಬೆರಿಗೆ ವರ್ಷಕ್ಕೆ ಸುಮಾರು 800ರಿಂದ 1000 ಗಂಟೆಗಳ ಚಳಿ ಬೇಕೆಂದು ಇಂದಿನ ಲೆಕ್ಕ. ಈ ಕಟ್ಟನ್ನು ಸಡಿಲಿಸಿದ್ದು ಫ್ಲಾರಿಡಾ ವಿಶ್ವವಿದ್ಯಾನಿಲಯದ ರಾಲ್ಫ್ ಶಾರ್ಪ್. ಆತನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯ ಡಾರೊಯೈ ಎಂಬ ಕಾಡುಜಾತಿಯೊಡನೆ ಉತ್ತರದ ತಳಿಗಳನ್ನು ಸಂಕರಿಸಿ, ಅಲ್ಪ ಚಳಿಯಲ್ಲಿಯೇ ಹೂಬಿಡುವ ಗಿಡಗಳನ್ನು ಪಡೆದನು. ಆ ದಾರಿಯಲ್ಲಿಯೇ ಬಂದ, 1998ರಲ್ಲಿ ಬಿಡುಗಡೆಯಾದ ‘ಬಿಲಾಕ್ಸಿ’ಯಂಥ ತಳಿಗಳಿಂದ ಪೆರು ದೇಶದ ಕರಾವಳಿಯ ಮರಳಿನಲ್ಲಿಯೂ ಈ ಹಣ್ಣು ಬೆಳೆಯುವಂತಾಯಿತು.

ಇಂದು ನಗರಗಳ ಅಂಗಡಿಗಳಲ್ಲಿ ಈ ಹಣ್ಣು ಸಿಕ್ಕುವುದರಿಂದ ಮನೆಯಲ್ಲಿಯೇ ಅದರ ಬೀಜವನ್ನು ಬಿತ್ತಿ ನೋಡುವ ಕುತೂಹಲ ಹಲವರಿಗಿದೆ. ಅಂಥವರು ಮಾಡುವುದು ಕೋವಿಲ್ ಮಾಡಿದ ಕೆಲಸದ ಮೊದಲ ಹೆಜ್ಜೆಯನ್ನೇ. ಹಣ್ಣನ್ನು ನೀರಿನಲ್ಲಿ ಕಿವುಚಿದರೆ ತಿರುಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಒದ್ದೆಮಾಡಿದ ಪೀಟ್ ಮತ್ತು ಮರಳಿನ ಮೇಲೆ ಬೀಜವನ್ನು ಚೆಲ್ಲಿ, ಮೇಲೆ ಪುಡಿಮಾಡಿದ ಒಣ ಹಾವಸೆಯನ್ನು ತೆಳ್ಳಗೆ ಉದುರಿಸಬೇಕೇ ಹೊರತು ಆಳವಾಗಿ ಹೂಳಬಾರದು. ಈ ಬೀಜ ಬೆಳಕನ್ನು ಬಯಸುತ್ತದೆ. ಒಣಗಿದ ಬೀಜವಾದರೆ ತೇವದೊಡನೆ ಎರಡು ಮೂರು ತಿಂಗಳು ಶೀತಪೆಟ್ಟಿಗೆಯಲ್ಲಿಟ್ಟು ಬಿತ್ತುವುದು ವಾಡಿಕೆ. ಮೊಳಕೆ ಬರಲು ವಾರಗಳೇ ಹಿಡಿಯುತ್ತವೆ, ಸಸಿ ಕೂದಲಿನಂತೆ ಸಣ್ಣದು, ಹಣ್ಣಿಗೆ ಮೂರು ವರ್ಷವಾದರೂ ಕಾಯಬೇಕು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಸುಣ್ಣದಂಶ ಹೆಚ್ಚು. ಅದನ್ನೇ ಎರೆದರೆ ಕುಂಡದ ಹುಳಿ ಕ್ರಮೇಣ ಕಳೆದು ಎಲೆ ಹಳದಿಗಟ್ಟುತ್ತದೆ. 1910ರ ಸಂಚಿಕೆಯ ಸುಣ್ಣದ ಪ್ರಕರಣವನ್ನು ಓದಿದವರಿಗೆ ಇದು ಆಶ್ಚರ್ಯವೆನಿಸದು. ಮಳೆನೀರು ಉತ್ತಮ. ಚಳಿಯ ವಿಷಯದಲ್ಲಿಯೂ ಹಣ್ಣು ಯಾವ ತಳಿಯದೆಂಬುದರ ಮೇಲೆ ಫಲ ನಿಂತಿದೆ. ಉತ್ತರದ ತಳಿಯ ಬೀಜವಾದರೆ ಗಿಡ ಬೆಳೆದರೂ ಹೂವು ಬರುವುದು ಅನುಮಾನ.

ಇಷ್ಟು ಶ್ರಮಪಟ್ಟು ಬೆಳೆಸಿದ ಗಿಡ ತಾಯಿಯಂತಿರುವುದಿಲ್ಲವೆಂದು ಹೇಳಿ ತೋಟಗಾರರು ಬೀಜದ ಬಿತ್ತನೆಯನ್ನು ನಿರುತ್ಸಾಹಗೊಳಿಸುವುದುಂಟು. ಫಸಲಿನ ದೃಷ್ಟಿಯಿಂದ ಅದು ಸರಿ. ಆದರೆ ಗಿಡದ ಇತಿಹಾಸದ ದೃಷ್ಟಿಯಿಂದ ಇನ್ನೊಂದು ಮಾತಿದೆ. ಕಾಂಡದ ತುಂಡುಗಳಿಂದ ಬೆಳೆಸಿದ ತೋಟದಲ್ಲಿ ಸಾವಿರ ಗಿಡಗಳಿದ್ದರೂ ಅವೆಲ್ಲ ಒಂದೇ ಗಿಡ. ಎತ್ತರದ ಬ್ಲೂಬೆರಿಯ ತಳಿಗಳ ವಂಶಾವಳಿಯನ್ನು 1980ರ ದಶಕದಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದಾಗ, ಅವುಗಳ ಬಹುಪಾಲು ರಕ್ತ ಬ್ರೂಕ್ಸ್, ರೂಬೆಲ್, ಸೂಯ್ ಎಂಬ ಮೂರೇ ಪೊದೆಗಳಿಗೆ ಹೋಗಿ ಮುಟ್ಟಿತು. ಇಷ್ಟು ಕಿರಿದಾದ ಬುಡದ ಮೇಲೆ ನಿಂತ ಬೆಳೆಗೆ ಹೊಸ ರೋಗವೋ ಹೊಸ ಹವೆಯೋ ಎದುರಾದರೆ ಪರಿಹಾರವನ್ನು ಮತ್ತೆ ಕಾಡಿನಲ್ಲಿಯೂ ಬೀಜದಲ್ಲಿಯೂ ಹುಡುಕಬೇಕು; ಶಾರ್ಪ್ ಮಾಡಿದ್ದು ಅದನ್ನೇ.

ಎಲಿಜಬೆತ್ ವೈಟ್ 1954ರಲ್ಲಿ ತೀರಿಕೊಂಡಳು. ವೈಟ್ಸ್‌ಬಾಗ್ ಈಗ ಸರ್ಕಾರಿ ಅರಣ್ಯದೊಳಗಿನ ಸಂರಕ್ಷಿತ ಗ್ರಾಮ. ರೂಬ್ ಲೀಕ್ ತೋರಿಸಿದ ಪೊದೆಯಿಂದ ತುಂಡಿಗೆ ತುಂಡು ಮುಂದುವರಿದು ಬಂದ ರೂಬೆಲ್ ಗಿಡವನ್ನು, ನೂರು ವರ್ಷಗಳ ಮೇಲಾದರೂ, ಅಮೆರಿಕದ ತೋಟಗಳಲ್ಲಿ ಇನ್ನೂ ಬೆಳೆಯುತ್ತಾರೆ. ಯಾವ ಸಂಕರಕ್ಕೂ ಒಳಗಾಗದ ಆ ಗಿಡ ಇಂದಿಗೂ ಪೈನ್ ಕಾಡಿನ ಅದೇ ಪೊದೆ.